ಎಂಟು ಜಾಗದ ಹಾಳೆ

ಜುಲೈ 7, ಸೋಮವಾರ

ಡಬ್ಬಿ ತುಂಬಿತು. ಒತ್ತಿ ಮುಚ್ಚಿದರೂ ಮುಚ್ಚಳ ಎದ್ದು ಬರುತ್ತಿದೆ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ, ಒಳಗೆ ಅರ್ಧ ಶಿವಾಜಿನಗರ. ಎಲ್ಲರೂ ಪಾಸ್‌ಪೋರ್ಟ್ ಸೈಜು, ಎಲ್ಲರೂ ಗಂಭೀರ, ಯಾರಿಗೂ ಬೇಡವಾದವರು.

ಕಾರಣ ಇಷ್ಟೇ. ಒಂದು ಹಾಳೆಯಲ್ಲಿ ಎಂಟು ಫೋಟೋ ಹಿಡಿಯುತ್ತವೆ. ಗಿರಾಕಿಗೆ ಬೇಕಾದದ್ದು ಎರಡು. ಎರಡೇ ಒತ್ತಿದರೆ ಉಳಿದ ಬಿಳಿ ತುಂಡನ್ನು ಪ್ರಿಂಟರ್ ಮತ್ತೆ ಬಾಯಿಗೆ ತೆಗೆದುಕೊಳ್ಳುವುದಿಲ್ಲ, ಅದಕ್ಕೂ ಒಂದು ಘನತೆ ಇದೆ. ಎಂಟೂ ಒತ್ತಿ 'ಉಳಿದವೂ ನಿಮ್ಮವೇ, ತಗೊಳ್ಳಿ' ಎಂದರೆ, ಬಿಟ್ಟಿ ಕೊಡುತ್ತಿದ್ದಾಳೆ, ಇದರಲ್ಲೇನೋ ಮೋಸ ಇದೆ ಎಂದು ಹಿಂದೆ ಸರಿಯುತ್ತಾರೆ. ಆರು ಮುಖ ಇಲ್ಲೇ ಉಳಿಯುತ್ತವೆ. ಎಸೆಯುವಂತಿಲ್ಲ. ಮುಖವಿರುವ ಕಾಗದ ಕಸಕ್ಕೆ ಹೋಗಬಾರದು ಎಂಬುದು ಈ ಸ್ಟುಡಿಯೋದ ಯಜಮಾನರಾದ ನಜೀರ್ ಸಾಹೇಬರ ಹಳೆಯ ಕಟ್ಟಳೆ. ಆದ್ದರಿಂದ ಡಬ್ಬಿ.

ಸಾಹೇಬರಿಗೆ ಮಂಡಿ ನೋವು. ಕ್ಯಾಮೆರಾ, ಪ್ರಿಂಟರ್, ಕಟರ್ ಎಲ್ಲ ನನ್ನ ಕೈಗೆ ಕೊಟ್ಟು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಅವರ ತಂಗಿಯ ಮಗ ಯಾಸಿರ್‌ಗೆ ನನ್ನ ಕೌಂಟರ್ ಇರುವ ಜಾಗದಲ್ಲಿ ಮೊಬೈಲ್ ಕವರ್ ನೇತುಹಾಕುವ ಆಸೆ. 'ಮಾಮೂ, ಈ ಕೌಂಟರ್ ದುಡಿಯೋದಕ್ಕಿಂತ ಜಾಸ್ತಿ ಕಾಗದ ತಿನ್ನುತ್ತೆ' ಎಂದು ಕಿವಿಯೂದಿದ್ದಾನೆ. ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ತೀರ್ಪು: ಆಗಸ್ಟ್ ಕೊನೆಯೊಳಗೆ ಕಾಗದ ಪೋಲಾಗುವುದು ನಿಂತರೆ ಕೌಂಟರ್ ನನ್ನದು. ನಿಲ್ಲದಿದ್ದರೆ ಕವರ್‌ಗಳದ್ದು.

ನಿಲ್ಲಿಸುತ್ತೇನೆ. ಇಂದಿನಿಂದ ಒಬ್ಬರಿಗೊಂದು ಹಾಳೆ ಎಂಬ ಜಮೀನ್ದಾರಿ ಪದ್ಧತಿ ರದ್ದು. ನಾಲ್ವರು ಗಿರಾಕಿಗಳನ್ನು ಕಾಯಿಸಿ, ಒಂದೇ ಹಾಳೆಯಲ್ಲಿ ಕೂರಿಸಿ, ಒಟ್ಟಿಗೆ ಒತ್ತುವುದು. ಬಸ್ಸಿನಲ್ಲಿ ಅಪರಿಚಿತರ ಪಕ್ಕ ಕೂರುವುದಿಲ್ಲವೇ?

ಜುಲೈ 8, ಮಂಗಳವಾರ

ಇತಿಹಾಸ ನಿರ್ಮಾಣವಾಯಿತು. ನೋಡಲು ನಾನೊಬ್ಬಳೇ ಇದ್ದೆ.

ಮೊದಲ ಪೂರ್ತಿ ಹಾಳೆ. ಮೇಲಿನ ಸಾಲಿನಲ್ಲಿ ಲಿಂಗರಾಜಪುರದ ಹಂಪಣ್ಣನವರು ಎರಡು ಸಲ. ಅವರ ಪಕ್ಕ ಹಲಸೂರಿನ ಕಾವೇರಿ ಎರಡು ಸಲ — ಮನೆಯಲ್ಲಿ ಗಂಡು ಹುಡುಕುತ್ತಿದ್ದಾರೆ, ಬ್ರೋಕರಿಗೆ ಕೊಡುವ ಬಯೋಡೇಟಾಕ್ಕೆ ಫೋಟೋ. ಕೆಳಗಿನ ಸಾಲಿನಲ್ಲಿ ಪಾಸ್‌ಪೋರ್ಟಿಗೆ ಹೊರಟ ಒಬ್ಬ ಮೇಷ್ಟ್ರು, ಬ್ಯಾಂಕಿಗೆ ಹೊರಟ ಒಬ್ಬ ಮಟನ್ ಅಂಗಡಿಯವರು. ಫೋಟೋ ಫೋಟೋಗಳ ನಡುವೆ ಒಂದೇ ಗೆರೆ. ಕಟರ್ ಒಮ್ಮೆ ಇಳಿದರೆ ಎರಡೂ ಕಡೆಯವರು ಬಿಡುಗಡೆ. ಅಂಚಿನ ಬಿಳಿ ಪಟ್ಟಿಯನ್ನೂ ಬಿಡಲಿಲ್ಲ, ಅದರ ಮೇಲೆ ಹೆಸರು ಬರೆದು ಗಿರಾಕಿಗಳ ಕವರಿಗೆ ಅಂಟಿಸಿದೆ. ಡಬ್ಬಿಗೆ ಹೋದ ಮುಖ: ಸೊನ್ನೆ.

ಹಂಪಣ್ಣನವರು ಹಲ್ಲು ಕಾಣುವಂತೆ ನಗುತ್ತಿದ್ದಾರೆ. ಭಾನುವಾರ ತೀರಿಕೊಂಡರಂತೆ. ಮಗ ಮೊಬೈಲಿನಲ್ಲಿ ಫೋಟೋ ತಂದಿದ್ದ. ತಿಥಿಯ ಕಾರ್ಡಿಗೆ ಒಂದು, ಅಮ್ಮನ ಪರ್ಸಿಗೆ ಒಂದು, ಅದಕ್ಕಿಂತ ಬೇಡ ಎಂದ. ಸತ್ತವರ ಫೋಟೋ ಹೆಚ್ಚಿಗೆ ಮನೆಯಲ್ಲಿ ಇಟ್ಟುಕೊಳ್ಳಬಾರದಂತೆ. ಈ ಸಂಪ್ರದಾಯ ಮಾಡಿದವರು ಪ್ರಿಂಟರಿನ ಬಗ್ಗೆ ಸ್ವಲ್ಪವೂ ಯೋಚಿಸಿಲ್ಲ.

ಬೈಯಪ್ಪನಹಳ್ಳಿಯ ಕೋಣೆಗೆ ಬಂದು ನನ್ನ ಗಂಡ ಈರೇಶ ಅವರಿಗೆ ಎಲ್ಲ ವಿವರಿಸಿದೆ. ಅವರು ಗೋಡೆಗೆ ಬಣ್ಣ ಹೊಡೆಯುವ ಕೆಲಸದವರು, ಡಬ್ಬದ ತಳ ಕೆರೆದು ಹೊಡೆಯುವುದರಲ್ಲಿ ಪಂಡಿತರು. ಮೆಚ್ಚಿಕೊಂಡಾರು ಎಂದುಕೊಂಡೆ. 'ಹೌದಾ' ಎಂದು ಇನ್ನೊಂದು ರೊಟ್ಟಿ ಕೇಳಿದರು.

ಜುಲೈ 9, ಬುಧವಾರ

ಹೆಮ್ಮೆ ಕೆಟ್ಟದ್ದು. ಕತ್ತರಿಸಿ, ಕವರಿಗೆ ಹಾಕಿ, ಬಾಯಿ ಮುಚ್ಚಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ನಿನ್ನೆಯ ಹಾಳೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅಂಚು ತೆಗೆದದ್ದು ಬಿಟ್ಟು ಮುಖಗಳನ್ನು ಕತ್ತರಿಸಲು ಮನಸ್ಸಾಗದೆ ಹಾಗೇ ಇಟ್ಟಿದ್ದೆ. ಬೆಳಿಗ್ಗೆ ಕಾವೇರಿ ತನ್ನ ತಾಯಿ ಅಮೃತಮ್ಮನ ಜೊತೆ ಬಂದಳು. ನಾನು ಹಾಳೆಯನ್ನು ಅವರ ಕಡೆ ತಿರುಗಿಸಿ ತೋರಿಸಿದೆ. ಒಂದು ಬೆರಳು ಜಾಗವೂ ವೇಸ್ಟ್ ಇಲ್ಲ ನೋಡಿ, ಎಂದೆ.

ಅಮೃತಮ್ಮ ಕನ್ನಡಕ ಹಾಕಿಕೊಂಡು ನೋಡಿದಳು.

"ನನ್ನ ಮಗಳ ಪಕ್ಕದಲ್ಲಿ ಈ ತಾತ ಯಾರು?"

ಮೈಸೂರಿನವರು ಎನ್ನಬಹುದಿತ್ತು. ನನ್ನ ಮಾವ ಎನ್ನಬಹುದಿತ್ತು. ನನ್ನ ಬಾಯಿಗೆ ಸತ್ಯ ಬೇಗ ಬರುತ್ತದೆ, ಸುಳ್ಳಿಗೆ ಸ್ವಲ್ಪ ತಯಾರಿ ಬೇಕು. ಲಿಂಗರಾಜಪುರದವರು, ಭಾನುವಾರ ಹೋಗಿಬಿಟ್ಟರು ಎಂದೆ.

ಆಮೇಲಿನದನ್ನು ಪೂರ್ತಿ ಬರೆಯಲು ಹಾಳೆ ಸಾಲದು. ಗೋಡೆಯ ಮೇಲೇ ಸತ್ತವರ ಸಾಲಿನಲ್ಲಿ ಬದುಕಿರುವವರ ಫೋಟೋ ಹಾಕುವುದಿಲ್ಲ. ಅಂಥದ್ದರಲ್ಲಿ ಮದುವೆಗಿರುವ ಹುಡುಗಿಯನ್ನು ಹೆಣದ ಪಕ್ಕ ಕೂರಿಸಿದ್ದೀಯ. ಹುಡುಗಿಯ ಬಾಳು ಏನಾಗಬೇಕು. ಆಷಾಢ ಮುಗಿಯುವುದರೊಳಗೆ ಒಂದು ಮಾತಾಗಲಿ ಎಂದು ಹರಕೆ ಹೊತ್ತಿದ್ದೇನೆ. ಬೀದಿಯಲ್ಲಿ ಹೋಗುತ್ತಿದ್ದವರೂ ಒಳಗೆ ಬಂದು ಹಾಳೆ ನೋಡಿದರು. ಅದು ಪ್ರದರ್ಶನಕ್ಕೆ ಅರ್ಹವಾಗಿತ್ತು ಎಂಬುದು ನನ್ನ ಸಮಾಧಾನ.

ಹೊಸದಾಗಿ ಒತ್ತಿ ಕೊಡುತ್ತೇನೆ, ಅರ್ಧ ಗಂಟೆ ಎಂದೆ. ಗಂಡಿನ ಕಡೆಯವರಿಗೆ ಬ್ರೋಕರ್ ಮಧ್ಯಾಹ್ನವೇ ಕೊಡಬೇಕಂತೆ, ಆಟೋ ಬೇರೆ ನಿಲ್ಲಿಸಿಕೊಂಡಿದ್ದಾರೆ. ಕೊನೆಗೆ ಅವನ್ನೇ ಕತ್ತರಿಸಿ ಕೊಟ್ಟೆ. ಕಟರ್ ಇಳಿಯುವಾಗ ಅಮೃತಮ್ಮ ದೇವರ ಹೆಸರು ಹೇಳಿದಳು.

ಕಾವೇರಿ ಇಷ್ಟು ಹೊತ್ತೂ ಮೊಬೈಲ್ ನೋಡುತ್ತ ನಿಂತಿದ್ದಳು. ಹೋಗುವಾಗ ಒಮ್ಮೆ ಹಂಪಣ್ಣನವರ ಕಡೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ ಕೆಮ್ಮೋ ತಿಳಿಯಲಿಲ್ಲ.

ಜುಲೈ 10, ಗುರುವಾರ

ಸಾಹೇಬರ ದರ್ಬಾರು. ಕುರ್ಚಿಯನ್ನು ಒಳಗೆ ಎಳೆಸಿಕೊಂಡರು. ವಿಷಯ ಗಂಭೀರ ಎಂದರ್ಥ.

ಅವರ ವಾದ: ಹಾಳೆ ಹಂಚು, ಬೇಡ ಅನ್ನುವುದಿಲ್ಲ. ಆದರೆ ಬದುಕಿರುವವರು, ಸತ್ತವರು ಒಂದೇ ಹಾಳೆಯಲ್ಲಿ ಬರಬಾರದು. ಅವರ ಅಬ್ಬಾ ಡಾರ್ಕ್‌ರೂಮಿನ ಕಾಲದಲ್ಲಿ ಸತ್ತವರ ಪ್ರಿಂಟನ್ನು ಬೇರೆ ಟ್ರೇಯಲ್ಲೇ ತೊಳೆಯುತ್ತಿದ್ದರಂತೆ.

ನಾನು ಕೇಳಿದೆ, ಸತ್ತವರಿಗೆ ಬೇರೆ ಹಾಳೆ ಎಂದರೆ ಆರು ಜಾಗ ಖಾಲಿ ಹೋಗುತ್ತದೆ, ಅದನ್ನು ಯಾಸಿರ್‌ಗೆ ಯಾರು ವಿವರಿಸುತ್ತಾರೆ?

"ನಕ್ಕೋ ಸುಜಾತಮ್ಮ, ವಾದ ನಕ್ಕೋ. ಮಯ್ಯತ್‌ದು ಬೇರೆ ಹಾಳೆ. ಅದು ತುಂಬೋವರೆಗೂ ಕಾಯಿ."

ಕಾಯುವುದಂತೆ. ಇದು ಯಾವ ಜಾತಿಯ ಕಾಯುವಿಕೆ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸಾಹೇಬರು ತಕ್ಷಣ ಚಹಾ ತರಿಸಿದರು.

ಜುಲೈ 16, ಬುಧವಾರ

ಬದುಕಿರುವವರ ಹಾಳೆಗಳು ಬಸ್ಸಿನಂತೆ ತುಂಬಿ ಹೋಗುತ್ತಿವೆ. ಮಯ್ಯತ್ ಹಾಳೆಯ ಕಥೆಯೇ ಬೇರೆ.

ಒಬ್ಬರೇ ಇದ್ದಾರೆ: ಫ್ರೇಜರ್ ಟೌನಿನ ಒಬ್ಬ ಟೀಚರಮ್ಮ. ಮನೆಯವರಿಗೆ ಇಂದು ಸಂಜೆಯೊಳಗೆ ಬೇಕು. ಇನ್ನೂ ಮೂವರು ಕೂಡಿಕೊಂಡರೆ ಹಾಳೆ ಪೂರ್ತಿ. ಬೆಳಿಗ್ಗೆ ಪೇಪರಿನ ಶ್ರದ್ಧಾಂಜಲಿ ಪುಟ ತೆರೆದು ಶಿವಾಜಿನಗರದ ಆಸುಪಾಸಿನವರಿದ್ದಾರೆಯೇ ಎಂದು ಹುಡುಕುತ್ತಿದ್ದೆ. ಏನು ಮಾಡುತ್ತಿದ್ದೇನೆ ಎಂದು ಅರಿವಾಗಿ ಪೇಪರ್ ಮಡಚಿ ಸ್ಟೂಲಿನ ಕೆಳಗೆ ತಳ್ಳಿದೆ. ಮಧ್ಯಾಹ್ನ ಓಣಿಯ ಬಾಯಲ್ಲಿ ಆಂಬುಲೆನ್ಸ್ ನಿಂತಾಗ ಕತ್ತು ಉದ್ದ ಮಾಡಿದೆ. ಹೆರಿಗೆ ಕೇಸಂತೆ. ನಿರಾಸೆಯಾಯಿತು ಎಂದು ಇಲ್ಲಿ ಬರೆದರೆ ನರಕ ಖಾತ್ರಿ. ಬರೆಯುವುದಿಲ್ಲ.

ಕೊನೆಗೆ ಟೀಚರಮ್ಮನನ್ನು ಒಂಟಿಯಾಗಿಯೇ ಒತ್ತಿದೆ. ಎರಡು ಮುಖ, ಆರು ಬಿಳಿ ಮನೆ. ಯಾಸಿರ್ ಬಂದು ಆ ಬಿಳಿ ತುಂಡನ್ನು ಮೊಬೈಲಿನಲ್ಲಿ ಫೋಟೋ ಹಿಡಿದ. ಅವನ ಬಳಿ ಸಾಕ್ಷ್ಯಗಳ ಫೋಲ್ಡರ್ ಇದೆಯಂತೆ. ಕಾಗದ ಉಳಿಸಲು ಗೊತ್ತಿಲ್ಲದವನು ಸಾಕ್ಷ್ಯ ಮಾತ್ರ ಚೆನ್ನಾಗಿ ಉಳಿಸುತ್ತಾನೆ.

ಜುಲೈ 22, ಮಂಗಳವಾರ

ಅಮೃತಮ್ಮ ಮತ್ತೆ ಬಂದಳು. ಈ ಸಲ ಒಬ್ಬಳೇ. ಕೂಗಾಟವಿಲ್ಲ, ಅದೇ ಹೆಚ್ಚು ಭಯವಾಯಿತು.

ಗಂಡಿನ ಕಡೆಯವರು ಹುಡುಗಿ ನೋಡಲು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತ್ ಎಲ್ಲ ಆಯಿತು. ಹುಡುಗ, ಹುಡುಗಿ ಹೊರಗೆ ನಿಂತು ಮಾತಾಡಿದರು. ನಿನ್ನೆ ಬ್ರೋಕರ್ ಫೋನ್ ಮಾಡಿ 'ಅವರು ಮುಂದುವರಿಯಲ್ಲವಂತೆ' ಎಂದನಂತೆ. ಕಾರಣ ಹೇಳಲಿಲ್ಲ. ಕಾರಣ ಅಮೃತಮ್ಮನಿಗೆ ಗೊತ್ತು.

"ಫೋಟೋದಲ್ಲೇ ಸಾವು ಅಂಟಿಸಿ ಕಳಿಸಿದೆಯಲ್ಲಮ್ಮ. ಅವರೇನು ಮಾಡ್ತಾರೆ."

ಆಮೇಲೆ ಸಾಹೇಬರ ಕಡೆ ತಿರುಗಿ, ನೀವು ಹಿರಿಯರು, ನಿಮ್ಮ ಅಂಗಡಿ ಮೇಲೆ ನಂಬಿಕೆ ಇಟ್ಟು ಬರುತ್ತಿದ್ದೆವು, ಈಕೆ ಇರುವವರೆಗೆ ನಾನಂತೂ ಬರುವುದಿಲ್ಲ, ನಮ್ಮ ಬೀದಿಯವರನ್ನೂ ಬರಲು ಬಿಡುವುದಿಲ್ಲ ಎಂದಳು. ಸಾಹೇಬರು ಎದ್ದು ನಿಂತೇ ಕೇಳಿದರು, ಮಂಡಿ ನೋವಿದ್ದರೂ. ಅವಳು ಹೋದ ಮೇಲೆ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಯಾಸಿರ್ ಗೋಡೆಗೆ ಎಷ್ಟು ಮೊಳೆ ಹಿಡಿಯುತ್ತವೆ ಎಂದು ಲೆಕ್ಕ ಹಾಕುತ್ತಿದ್ದ.

ಜುಲೈ 24, ಗುರುವಾರ

ಭೀಮನ ಅಮಾವಾಸ್ಯೆ. ಬೆಳಿಗ್ಗೆ ಈರೇಶ ಅವರ ಪಾದಪೂಜೆ ಮಾಡಬೇಕೇ ಎಂದು ಕೇಳಿದೆ. ಇದು ಈ ಕಡೆಯವರ ಹಬ್ಬ, ನಮ್ಮ ಕಡೆ ಇಲ್ಲ ಎಂದು ಪಾದ ಒಳಗೆಳೆದುಕೊಂಡರು. ಬೆರಳ ಸಂದಿಯಲ್ಲಿ ಹಸಿರು ಪೇಂಟ್ ಇತ್ತು, ಅದಕ್ಕೆ.

ಸಂಜೆ ಕಾವೇರಿ ಬಂದಳು. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹತ್ತಿರ ಕನ್ನಡಕದ ಶೋರೂಮಿನಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಾಳೆ. ಯೂನಿಫಾರಂನಲ್ಲೇ ಇದ್ದಳು. ಮನೆಯಲ್ಲಿ ಒಳ್ಳೆ ಗಂಡ ಸಿಗಲೆಂದು ಪೂಜೆಗೆ ಕೂರಿಸಬೇಕೆಂದು ಅಮ್ಮ ಕಾಯುತ್ತಿದ್ದಾಳೆ, ಬಸ್ಸು ಸಿಗಲಿಲ್ಲ ಎಂದು ಹೇಳಿದ್ದೇನೆ ಎಂದಳು. ಸಾಹೇಬರು ನಮಾಜಿಗೆ ಹೋಗಿದ್ದರು. ಸುತ್ತ ನೋಡಿ ಸ್ಟೂಲಿನ ಮೇಲೆ ಕೂತಳು.

"ಅಕ್ಕಾ, ಆ ತಾತಂದೇನೂ ತಪ್ಪಿಲ್ಲ. ನಾನೇ ಬೇಡ ಅಂದಿದ್ದು."

ಹುಡುಗ ಹೊರಗೆ ನಿಂತು, ಮದುವೆಯಾದ ಮೇಲೆ ಕೆಲಸ ಬಿಡಬೇಕಾಗುತ್ತೆ ಎಂದನಂತೆ. ಇವಳು, ಹಾಗಾದರೆ ಮದುವೆ ಬಿಡೋಣ ಎಂದಳಂತೆ. ಅವನೂ ಮರ್ಯಾದಸ್ಥ, ನಾವೇ ಬೇಡ ಅಂದೆವು ಎಂದು ಹೇಳುತ್ತೇನೆ ಬಿಡಿ ಎಂದನಂತೆ. ಅಲ್ಲಿಗೆ ಮುಗಿಯಿತು. ಹಂಪಣ್ಣನವರ ಪಾತ್ರ ಎಲ್ಲೂ ಇಲ್ಲ.

ನನಗೆ ಕುಣಿಯುವಷ್ಟು ಸಂತೋಷ. ಇದನ್ನು ನಿಮ್ಮ ಅಮ್ಮನಿಗೆ, ಬೇಡ, ಕನಿಷ್ಠ ನಮ್ಮ ಸಾಹೇಬರಿಗೆ ಹೇಳು ಎಂದೆ. ಅವಳ ಮುಖ ಬಿದ್ದಿತು. ತಾನೇ ಬೇಡವೆಂದದ್ದು ಅಮ್ಮನಿಗೆ ಗೊತ್ತಾದರೆ ಮಾರನೇ ದಿನವೇ ಕೆಲಸ ಬಿಡಿಸಿ ಸಿರುಗುಪ್ಪದ ಸೋದರಮಾವನ ಮನೆಗೆ ಕಳಿಸುತ್ತಾಳೆ. ಈಗ ಅಮ್ಮನ ಸಿಟ್ಟೆಲ್ಲ ಹಾಳೆಯ ಮೇಲಿದೆ. ಅದು ಅಲ್ಲೇ ಇರಲಿ.

"ಆ ತಾತ ಬೈಸ್ಕೊಳ್ಳಲಿ ಬಿಡಿ ಅಕ್ಕಾ. ಅವರಿಗೇನು, ಇನ್ಯಾವ ತೊಂದರೇನೂ ಇಲ್ಲ."

ತಾತನಿಗೆ ತೊಂದರೆಯಿಲ್ಲ ನಿಜ. ಜೊತೆಗೆ ನಾನೂ ಬೈಸಿಕೊಳ್ಳುತ್ತಿದ್ದೇನೆ, ನಾನಿನ್ನೂ ಬದುಕಿದ್ದೇನೆ ಎಂದು ಹೇಳಬೇಕೆನಿಸಿತು. ಬದಲಿಗೆ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಜುಲೈ 25, ಶುಕ್ರವಾರ

ಸಾಹೇಬರು ಕೇಳಿಯೇ ಕೇಳಿದರು. ಅಮೃತಮ್ಮನಿಗೆ ಏನಾದರೂ ಉತ್ತರ ಇದೆಯಾ ನಿನ್ನ ಹತ್ತಿರ?

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಒಂದು ವಾಕ್ಯ ಸಾಕು, ಕೌಂಟರ್ ಉಳಿಯುತ್ತದೆ, ಹುಡುಗಿ ಸಿರುಗುಪ್ಪಕ್ಕೆ ಹೋಗುತ್ತಾಳೆ. ಇಲ್ಲ ಎಂದೆ.

ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಂದಾಗ ನಾನು ಕೆಲಸ ಮಾಡುತ್ತೇನೆ. ಬೆಳಿಗ್ಗೆ ಕಾಕ್ಸ್‌ಟೌನಿನ ಒಬ್ಬರ ಫೋಟೋ ಬಂದಿತ್ತು. ತೀರಿಹೋದವರು, ಎರಡು ಕಾಪಿ. ಲೇಔಟ್ ತೆರೆದೆ. ಆರು ಬಿಳಿ ಮನೆಗಳು ನನ್ನನ್ನೇ ನೋಡಿದವು.

ಸ್ಟೂಲಿನ ಮೇಲೆ ಕೂತೆ. ಸೆರಗು ಸರಿ ಮಾಡಿಕೊಂಡೆ. ಟೈಮರ್ ಹಾಕಿದೆ. ಕ್ಲಿಕ್.

ಆರು ಮನೆಯಲ್ಲೂ ನಾನು. ಮಯ್ಯತ್ ಹಾಳೆಯ ಪ್ರಥಮ ಜೀವಂತ ಒಕ್ಕಲು. ಸಾಹೇಬರ ಮುಂದೆ ಹಿಡಿದೆ. ಅವರ ಕೈಯಲ್ಲಿದ್ದ ಚಹಾ ತುಳುಕಿತು. ನಾನು ಹೇಳಿದೆ: ಇದರಿಂದ ಏನಾದರೂ ಆಗುವುದಾದರೆ ಮೊದಲು ನನಗೆ ಆಗಲಿ. ನಾನು ಪ್ರತಿದಿನ ಬೆಳಿಗ್ಗೆ ಬಂದು ಬಾಗಿಲು ತೆರೆಯುತ್ತೇನೆ. ತೆರೆದಷ್ಟು ದಿನ ಈ ಹಾಳೆಯಲ್ಲಿ ದೋಷವಿಲ್ಲ ಎಂದರ್ಥ. ಕಾಗದವೂ ಉಳಿಯಿತು, ನಾನೂ ಉಳಿದಿದ್ದೇನೆ.

"ಪಾಗಲ್ ಹೋ ಗಯೀ ತೂ," ಎಂದರು ಮೆಲ್ಲಗೆ. ಹಾಳೆ ಹರಿಯಲಿಲ್ಲ. ಹರಿಯುವಂತಿಲ್ಲವಲ್ಲ, ಮುಖವಿರುವ ಕಾಗದ.

ಜುಲೈ 31, ಗುರುವಾರ

ಅಂದಿನಿಂದ ಬಂದ ಪ್ರತಿ ಮಯ್ಯತ್ ಹಾಳೆಯಲ್ಲೂ ಖಾಲಿ ಮನೆಗಳೆಲ್ಲ ನನ್ನವೇ, ನನ್ನ ಫೋಟೋಗಳು ನನಗೇ ಸಾಕಾಗಿವೆ. ಆದರೆ ಡಬ್ಬಿಗೆ ಹಾಕಿಲ್ಲ. ಹಿಂದುಗಡೆ 'ಸ್ಟುಡಿಯೋಗೆ ದಾರಿ' ಎಂದು ಬರೆದು ವಿಸಿಟಿಂಗ್ ಕಾರ್ಡಿನಂತೆ ಹಂಚುತ್ತಿದ್ದೇನೆ. ಮಾರ್ಕೆಟ್ಟಿನ ಮೀನಿನವರಿಂದ ಹಿಡಿದು ದರ್ಜಿಯವರೆಗೆ ಎಲ್ಲರ ಗಲ್ಲಾದಲ್ಲೂ ನಾನಿದ್ದೇನೆ. ಮಂತ್ರಿಗಳಿಗೂ ಈ ಭಾಗ್ಯವಿಲ್ಲ.

ಜನ ನೋಡಲು ಬರುತ್ತಾರೆ. ಬಾಗಿಲಲ್ಲಿ ನಿಂತು, ನಾನಿದ್ದೇನೆ ಎಂದು ಖಚಿತ ಮಾಡಿಕೊಂಡು ಹೋಗುತ್ತಾರೆ. ಕೆಲವರು ಬಂದದ್ದಕ್ಕೆ ಒಂದು ಫೋಟೋ ತೆಗೆಸಿಕೊಂಡೂ ಹೋಗುತ್ತಾರೆ. ಅಮೃತಮ್ಮನೂ ಆಚೆ ಬದಿಯಲ್ಲಿ ನಡೆದುಹೋದಳು, ಕಣ್ಣು ಮಾತ್ರ ಈಚೆ ಬದಿಯಲ್ಲಿ. ನಾನು ಕೈ ಬೀಸಿದೆ. ಪೂರ್ಣ ಆರೋಗ್ಯದಿಂದ ಬೀಸಿದೆ.

ಈರೇಶ ಅವರಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಊಟದ ಮುಂದೆ ಕೂತು, ಮುರಿದ ರೊಟ್ಟಿಯನ್ನು ತಟ್ಟೆಗೇ ವಾಪಸ್ ಇಟ್ಟರು.

"ನಿನ್ನ ಹಟ ನಿಂಗಿರ್ಲಿ. ನನ್ನ ಫೋಟೋ ಮಾತ್ರ ಅಲ್ಲಿ ಹಚ್ಚಬ್ಯಾಡ ನೋಡು."

ಸಪ್ತಪದಿಯಲ್ಲಿ ಈ ಷರತ್ತು ಇರಲಿಲ್ಲ.

ಆಗಸ್ಟ್ 4, ಸೋಮವಾರ

ಒಂದು ಸೀನು ಬಂತು. ಅಷ್ಟೇ. ಮಳೆಯಲ್ಲಿ ನೆನೆದಿದ್ದೆ, ಮೆಟ್ರೋದಲ್ಲಿ ಎ.ಸಿ. ಇತ್ತು. ಆದರೆ ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ನನ್ನ ಮೂಗು ಈಗ ಸಾರ್ವಜನಿಕ ಆಸ್ತಿ.

ಮಧ್ಯಾಹ್ನದಿಂದ ಕೀಲುಗಳಲ್ಲಿ ನೋವು. ಹಣೆ ಬಿಸಿ ಇರಬಹುದು, ಮುಟ್ಟಿ ನೋಡಿಕೊಂಡಿಲ್ಲ. ಮುಟ್ಟಿದರೆ ಯಾಸಿರ್ ಫೋಟೋ ಹಿಡಿಯುತ್ತಾನೆ. ಕ್ಯಾಮೆರಾದ ಹಿಂದೆ ನಿಂತೇ ಒಂದು ಮಾತ್ರೆ ನುಂಗಿದೆ.

ನನಗೇನೂ ಆಗಿಲ್ಲ. ಆಗುವಂತಿಲ್ಲ. ನಾಳೆ ಬೇಗ ಹೋಗಿ ಬಾಗಿಲು ತೆರೆಯ...

ಆಗಸ್ಟ್ 14, ಗುರುವಾರ

ಪೆನ್ನು ಹಿಡಿಯಲು ಬರುತ್ತಿದೆ. ಅಕ್ಷರ ಮಾತ್ರ ಹಂಪಣ್ಣನವರ ವಯಸ್ಸಿನದು.

ಡೆಂಗ್ಯೂ. ಸೊಳ್ಳೆಗೆ ಸಿಗಬೇಕಾದ ಕೀರ್ತಿಯನ್ನೆಲ್ಲ ಹಾಳೆ ಹೊಡೆದುಕೊಂಡಿತು. ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್ ಇಳಿದಾಗೆಲ್ಲ ಈರೇಶ ಅವರು ಗೋಡೆ ನೋಡುತ್ತ ಕೂರುತ್ತಿದ್ದರು. ಬಣ್ಣದ ಗುಣಮಟ್ಟ ನೋಡುತ್ತಿದ್ದಾರೆ ಎಂದು ನಂಬಿಸಲು ಪ್ರಯತ್ನಿಸಿದರು. ಒಮ್ಮೆ ನಾನು ಕಣ್ಣು ಬಿಟ್ಟಾಗ ಅವರ ಕೈ ನನ್ನ ಕಾಲಿನ ಮೇಲಿತ್ತು. ಇನ್ನೊಮ್ಮೆ ಆ ಹಾಳೆಯಲ್ಲಿ ಕೂರುವುದಿಲ್ಲ ಎಂದು ಆಣೆಯ ಮೇಲೆ ಮಾತು ಕೇಳಿದರು. ಕೊಟ್ಟೆ. ಆ ಮುಖ ನೋಡಿ ಕೊಡದೆ ಇರಲಾಗಲಿಲ್ಲ.

ಇಂದು ಕೋಣೆಗೆ ಸಾಹೇಬರ ಹೆಂಡತಿ ಉಮ್ಮೆ ಕುಲ್ಸುಂ, ನನಗೆ ಅಮ್ಮೀಜಾನ್, ಬಂದಿದ್ದರು. ಡಬ್ಬಿಯಲ್ಲಿ ಗಂಜಿ, ಬಾಯಲ್ಲಿ ಸುದ್ದಿ.

ನಾನು ಬೀಳುತ್ತಿದ್ದಂತೆ ಬೀದಿಯೆಲ್ಲ 'ನೋಡಿದಿರಾ' ಎಂದಿತಂತೆ. ಸಾಹೇಬರು ಎಲ್ಲರಿಗೂ 'ಅದು ಮಚ್ಛರ್, ಮಚ್ಛರ್' ಎಂದು ಹೇಳಿದರಂತೆ. ಹೇಳಿ, ಅಂಗಡಿಯ ಬಾಗಿಲು ಮುಂದೆ ಮಾಡಿ, ಉಳಿದಿದ್ದ ನನ್ನ ಫೋಟೋಗಳನ್ನೆಲ್ಲ ಮಯ್ಯತ್ ಫೋಟೋಗಳಿಂದ ಬೇರೆ ಮಾಡಿ ಮನೆಗೆ ತಂದು ಬೀರುವಿನಲ್ಲಿ ಇಟ್ಟರಂತೆ. ರಾತ್ರಿ ಊಟ ಬೇಡ ಎಂದರಂತೆ. ಬೆಳಿಗ್ಗೆ ಹೊಸ ಮಯ್ಯತ್ ಫೋಟೋ ಬಂದರೆ ಹಾಳೆಗೆ ಒಂದೇ ಮುಖ ಒತ್ತಿದರಂತೆ, ಎರಡು ಕಾಪಿಗೆ ಎರಡು ಹಾಳೆ.

"ಇಷ್ಟು ವರ್ಷ ಜನಕ್ಕೆ ನಗು ಅಂತ ಹೇಳಿದ ಮನುಷ್ಯ, ಈಗ ಅವ್ರಿಗೇ ಹೆದರಿಕೆ. ಅದು ನಿಂಗೆ ಗೊತ್ತಾಗಬಾರ್ದು ಅಂತ ಇನ್ನೂ ಜಾಸ್ತಿ ಹೆದರಿಕೆ," ಎಂದರು ಅಮ್ಮೀಜಾನ್.

ಎರಡು ಕಾಪಿಗೆ ಎರಡು ಹಾಳೆ. ನಾನು ನಗಲು ಹೋಗಿ ಗಂಜಿ ನೆತ್ತಿಗೇರಿತು.

ಆಗಸ್ಟ್ 18, ಸೋಮವಾರ

ಬಾಗಿಲು ತೆರೆದೆ. ಬೀಗ ನನ್ನನ್ನು ಮರೆತಿರಲಿಲ್ಲ.

ಹತ್ತು ಗಂಟೆಗೇ ಅಮೃತಮ್ಮ ಬಂದಳು. ಈಚೆ ಬದಿಯಲ್ಲೇ, ಹೊಸ್ತಿಲವರೆಗೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಹಳ ಇಳಿದುಹೋಗಿದ್ದೀಯ ಎಂದಳು. ಪಪ್ಪಾಯಿ ಎಲೆ ರಸ ಕುಡಿ ಎಂದಳು. ಆಮೇಲೆ ತಡೆಯಲಾಗಲಿಲ್ಲ.

"ಈಗಲಾದರೂ ಒಪ್ಕೋ. ಆ ಹಾಳೇಲಿ ದೋಷ ಇತ್ತು."

ಸಾಹೇಬರು ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು. ಯಾಸಿರ್ ಕೂಡ. ಒಪ್ಪಿದರೆ ಎಲ್ಲರಿಗೂ ಸುಖ. ಒಪ್ಪದಿದ್ದರೆ ಸತ್ಯ ಹೇಳಬೇಕು, ಸತ್ಯ ಟಿನ್ ಫ್ಯಾಕ್ಟರಿಯಲ್ಲಿ ಯೂನಿಫಾರಂ ಹಾಕಿಕೊಂಡು ಬಿಲ್ ಹಾಕುತ್ತ ಕೂತಿದೆ.

"ದೋಷ ಇದ್ದಿದ್ರೆ ನಾನು ವಾಪಸ್ ಬರ್ತಿರಲಿಲ್ಲ ಅಮೃತಮ್ಮ. ಬಂದಿದ್ದೀನಿ. ಇನ್ನೂ ಏನ್ ಸಾಕ್ಷಿ ಬೇಕು ನಿಮಗೆ?"

ಅವಳು ಒಂದು ಹೆಜ್ಜೆ ಮುಂದೆ ಬಂದು ನನ್ನ ಮೊಣಕೈ ಮೇಲೆ ಬೆರಳಿಟ್ಟು ನೋಡಿದಳು. ಬಿಸಿಯಿತ್ತು, ಬದುಕಿರುವವರಿಗೆ ಇರುವಷ್ಟೇ. ಬಂದ ದಾರಿಯಲ್ಲೇ ಹೊರಟಳು. ಮಗಳಿಗೆ ಆಗಬೇಕಾದದ್ದನ್ನು ನಾನು ಅನುಭವಿಸಿ ಮುಗಿಸಿದೆ ಎಂದು ನಂಬಿಕೊಂಡಳೋ ಏನೋ. ನಂಬಲಿ. ಹುಡುಗಿ ಕೆಲಸಕ್ಕೆ ಹೋಗುತ್ತಿದ್ದಾಳೆ.

ಆಗಸ್ಟ್ 20, ಬುಧವಾರ — ಸಂಜೆ, ಅಂಗಡಿಯಲ್ಲೇ

ಬರೆಯಲೇಬೇಕು, ಪ್ರಿಂಟರ್ ಬಿಸಿಯಾಗುವವರೆಗೆ ಸಮಯವಿದೆ.

ಮಧ್ಯಾಹ್ನ ಲಿಂಗರಾಜಪುರದಿಂದ ಒಂದು ಫೋಟೋ. ತೀರಿಹೋದ ಅಜ್ಜಿ, ಎರಡು ಕಾಪಿ. ಯಾಸಿರ್ ಆಗಲೇ ಟೇಪು ಹಿಡಿದು ನನ್ನ ಕೌಂಟರಿನ ಹಿಂದಿನ ಗೋಡೆ ಅಳೆಯುತ್ತಿದ್ದ. ಲೇಔಟ್ ತೆರೆದೆ. ಆರು ಬಿಳಿ ಮನೆ. ಈರೇಶ ಅವರ ಆಣೆ ಇದೆ, ನಾನು ಕೂರುವಂತಿಲ್ಲ. ಬದುಕಿರುವ ಗಿರಾಕಿಗಳನ್ನು ಕೂರಿಸಲು ಅಪ್ಪಣೆಯಿಲ್ಲ. ಹಾಗೇ ಬಿಟ್ಟು ಒತ್ತುವುದು ಎಂದರೆ ಯಾಸಿರ್‌ಗೆ ನಾನೇ ಮೊಳೆ ಹೊಡೆದುಕೊಟ್ಟಂತೆ. ಪ್ರಿಂಟ್ ಗುಂಡಿಯ ಮೇಲೆ ಬೆರಳಿಟ್ಟು ಕೂತೆ. ಒತ್ತಲೂ ಇಲ್ಲ, ತೆಗೆಯಲೂ ಇಲ್ಲ.

ಕುರ್ಚಿ ಕಿರುಗುಟ್ಟಿತು. ಸಾಹೇಬರು ಮಂಡಿ ಹಿಡಿದು ಎದ್ದು, ಪರದೆಯ ಮುಂದಿನ ಸ್ಟೂಲಿಗೆ ಬಂದು ಕೂತರು. ಜೇಬಿನಿಂದ ಬಾಚಣಿಗೆ ತೆಗೆದು ಗಡ್ಡ ಬಾಚಿಕೊಂಡರು. ನಾನು ಸುಮ್ಮನೆ ನೋಡುತ್ತಿದ್ದೆ. ಇಷ್ಟು ವರ್ಷದ ಸ್ಟುಡಿಯೋದಲ್ಲಿ ಅವರದೊಂದು ಫೋಟೋ ಇಲ್ಲ. ಆಧಾರ್‌ನಲ್ಲಿರುವುದೇ ಮೊದಲನೆಯದು, ಅದರಲ್ಲಿ ಯಾರನ್ನೋ ಬೈಯುತ್ತಿದ್ದಾರೆ.

"ಏನ್ ನೋಡ್ತೀ? ಜಾಗ ಖಾಲಿ ಇದೆಯಲ್ಲ. ತೆಗಿ."

ಮಾಮೂ, ಬೇಡ ಎಂದ ಯಾಸಿರ್. ಟೇಪು ಸರ್ರನೆ ಒಳಗೆ ಹೋಯಿತು. ಅವನ ದನಿಯಲ್ಲಿ ಕವರ್ ಅಂಗಡಿ ಇರಲಿಲ್ಲ, ನಿಜವಾದ ಭಯ ಇತ್ತು.

ತೆಗೆದೆ. ನೋಡಿದರೆ ಕಣ್ಣು ಮುಚ್ಚಿದ್ದಾರೆ. ಈ ಹಾಳೆಗೆ ಕಣ್ಣು ಮುಚ್ಚಿದ ಫೋಟೋ ನಡೆಯುವುದಿಲ್ಲ ಸಾಹೇಬರೇ, ಲೆಕ್ಕ ತಪ್ಪುತ್ತದೆ, ಎಂದೆ. ಮತ್ತೆ ತೆಗೆದೆ. ಮತ್ತೆ ಮುಚ್ಚಿದರು. ಜೀವನವಿಡೀ ಜನರಿಗೆ ಕಣ್ಣು ಬಿಡಿ ಎಂದವರಿಗೆ ತಮ್ಮ ಸರದಿಯಲ್ಲಿ ಬಿಡಲಾಗುತ್ತಿಲ್ಲ. ಮೊಣಕಾಲ ಮೇಲಿಟ್ಟ ಕೈ ಅಂಗಿಯ ಅಂಚನ್ನು ಮುದ್ದೆ ಮಾಡುತ್ತಿತ್ತು. ಅದನ್ನು ನಾನು ನೋಡಲಿಲ್ಲ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಕೊನೆಗೆ ನನ್ನನ್ನೇ ನೋಡಿ, ಕ್ಯಾಮೆರಾ ಬಿಡಿ ಎಂದೆ. ನೋಡಿದರು. ಕ್ಲಿಕ್.

ಅಜ್ಜಿ ಎರಡು, ಸಾಹೇಬರು ಐದು. ಉಳಿದ ಒಂದು ಮನೆಗೂ ಅವರನ್ನೇ ಎಳೆಯಹೋದೆ. ಸಾಹೇಬರು ಕೈಯೆತ್ತಿ ತಡೆದರು. ಅಳಿಯನ ಕಡೆ ನೋಡಿದರು, ಆ ಒಂದು ಬಿಳಿ ಮನೆಯ ಕಡೆ ನೋಡಿದರು.

"ಕೈಕು ರೇ ಯಾಸಿರ್, ಅಷ್ಟು ದೂರ ನಿಂತಿದ್ದೀಯ? ಒಂದ್ ಹಾಳೆಗೆ ಹೆದರೋನು ಅಂಗಡಿ ಹೇಗೆ ನಡೆಸ್ತೀಯ?"

ಯಾಸಿರ್ ಟೇಪನ್ನು ಜೇಬಿಗೆ ಹಾಕಿದ. ತೆಗೆದ. ಮತ್ತೆ ಹಾಕಿದ. ಬಾಗಿಲ ಕಡೆ ಒಮ್ಮೆ ನೋಡಿ, ಕನ್ನಡಿಯಲ್ಲಿ ಕೂದಲು ನೋಡಿಕೊಂಡು, ನನ್ನ ಮುಖ ನೋಡದೆ, ಬಾಚಣಿಗೆ ಎಲ್ಲಿ ಎಂದು ಕೇಳಿದ. ಪ್ರಿಂಟರ್ ಬಿಸಿಯಾಯಿತು, ಹೋಗಿ ಒತ್ತಬೇಕು.